ಮಿತಿ ಮುಗಿದ ಮೇಲಿನ ವೇಗವೂ ದೊಡ್ಡಕ್ಷರದಲ್ಲಿ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕದ ಜಾಹೀರಾತುಗಳು ಈಗ ಪತ್ರಿಕೆಯೊಳಗೆ ಸೇರಿಸಿದ ಕರಪತ್ರಗಳಲ್ಲಿ, ವಿದ್ಯುತ್ ಕಂಬಗಳ ಮೇಲೆ, ಆಟೊಗಳ ಹಿಂಬದಿಯಲ್ಲಿ, ಎಲ್ಲೆಲ್ಲೂ ಕಾಣುತ್ತವೆ. ‘100 ಎಂಬಿಪಿಎಸ್, ಅನ್‌ಲಿಮಿಟೆಡ್’ ಎಂಬ ಮಾತು ಅವುಗಳಲ್ಲಿ ಅಂಗೈ ಅಗಲದ ಅಕ್ಷರಗಳಲ್ಲಿರುತ್ತದೆ. ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ ಇರುತ್ತದೆ. ಅದರ ವಿವರಣೆ ಮಾತ್ರ ಕರಪತ್ರದ ಬುಡದಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ: ತಿಂಗಳಿಗೆ ಇಷ್ಟು ಜಿಬಿ ಬಳಸಿದ ಮೇಲೆ ವೇಗ ಇಷ್ಟಕ್ಕೆ ಇಳಿಯುತ್ತದೆ ಎಂದು. ಈ ಎರಡನೆಯ ವೇಗವನ್ನು ಮೊದಲನೆಯದರಷ್ಟೇ ದೊಡ್ಡದಾಗಿ ಅಚ್ಚು ಹಾಕಬೇಕು, ಮತ್ತು ಸರ್ಕಾರವೇ ಬ್ರಾಡ್‌ಬ್ಯಾಂಡ್ ಎಂದು ಒಪ್ಪಿಕೊಂಡಿರುವ ಕನಿಷ್ಠ ವೇಗಕ್ಕಿಂತ ಅದು ಕೆಳಗಿಳಿಯಬಾರದು ಎಂಬ ಬೇಡಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ದೂರವಾಣಿ ಇಲಾಖೆಯ ಹೊರಾಂಗಣ ವಿಭಾಗದಲ್ಲಿ, ಕೇಬಲ್ ಮತ್ತು ಜಾಯಿಂಟ್‌ಗಳ ಕೆಲಸದಲ್ಲಿ ದುಡಿದು ನಿವೃತ್ತನಾದವನು. ಬಡಾವಣೆಯಲ್ಲಿ ಯಾರ ಮನೆಯ ನೆಟ್ ನಿಧಾನವಾದರೂ ಅವರು ಮೊದಲು ನನ್ನನ್ನು ಕೇಳುವುದು ವಾಡಿಕೆಯಾಗಿದೆ. ಅವರೆಲ್ಲರ ಮಾತಿನಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ: ದುಡ್ಡು ಕೊಟ್ಟಿದ್ದೇವೆ, ಹೇಳಿದ ವೇಗ ಬರುತ್ತಿಲ್ಲ, ಕಂಪನಿ ಮೋಸ ಮಾಡುತ್ತಿದೆ. ಈ ಸಿಟ್ಟು ನ್ಯಾಯವಾದದ್ದೇ ಆದರೂ, ಎಲ್ಲ ನಿಧಾನಕ್ಕೂ ಕಾರಣ ಒಂದೇ ಅಲ್ಲ. ಮನೆಯೊಳಗಿನ ವೈ-ಫೈ ಒಂದು ಕಾರಣ, ನೆರೆಹೊರೆಯವರೊಂದಿಗೆ ಹಂಚಿಕೊಂಡ ಮಾರ್ಗ ಇನ್ನೊಂದು, ಮಿತಿ ಮುಗಿಯಿತೆಂದು ಕಂಪನಿಯೇ ಬೇಕೆಂದು ತಗ್ಗಿಸಿದ ವೇಗ ಮತ್ತೊಂದು. ಈ ಮೂರನ್ನು ಬೇರ್ಪಡಿಸಿ ನೋಡದೆ ದೂರು ಕೊಟ್ಟರೆ, ಗ್ರಾಹಕ ಸಹಾಯವಾಣಿಯವರು ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗುತ್ತದೆ.

ಮೊದಲಿಗೆ ಅಳತೆಯ ಮಾತು. ಕಂಪನಿಗಳು ವೇಗವನ್ನು ಹೇಳುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್, ಅಂದರೆ ಇಷ್ಟು ಎಂಬಿಪಿಎಸ್ ಎಂದು. ನಾವು ಕಡತದ ಗಾತ್ರವನ್ನು ನೋಡುವುದು ಮೆಗಾಬೈಟ್, ಗಿಗಾಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್, 1 ಜಿಬಿ ಕಡತಕ್ಕೆ ಸುಮಾರು 80 ಸೆಕೆಂಡು ಬೇಕು. ಡೌನ್‌ಲೋಡ್ ಆಗುವಾಗ ಪರದೆಯ ಮೇಲೆ 11 ಅಥವಾ 12 ಎಂದು ಕಂಡು, ನೂರು ಹೇಳಿ ಹತ್ತು ಕೊಡುತ್ತಿದ್ದಾರೆ ಎಂದು ನೊಂದುಕೊಂಡವರನ್ನು ನಾನು ನೋಡಿದ್ದೇನೆ. ಅಲ್ಲಿ ಮೋಸವೇನೂ ಇರುವುದಿಲ್ಲ. ಆದರೆ ಈ ವ್ಯತ್ಯಾಸವನ್ನು ಸಂಪರ್ಕ ಕೊಡುವ ದಿನವೇ ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ವೈ-ಫೈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನ ಅನುಭವದಲ್ಲಿ ಮನೆಮಂದಿಯ ಕೈಯಲ್ಲೇ ಸರಿಹೋಗುವ ದೋಷಗಳೆಲ್ಲ ಇಲ್ಲಿರುತ್ತವೆ. ಇಂದಿನ ರೂಟರ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಇರುವುದರಿಂದ, ಸಾಲುಮನೆಗಳಲ್ಲಿ ಮತ್ತು ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದವರ ರೂಟರ್‌ಗಳೇ ಪರಸ್ಪರ ಅಡ್ಡಿಯಾಗುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಯಂತ್ರ. ಎರಡನೆಯದರ ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಅದು ಸೊರಗಿಹೋಗುತ್ತದೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಗಳಿರುವ ಮನೆಗಳಲ್ಲಿ ಒಂದು ಗೋಡೆಯೇ ಸಾಕು. ಸಂಪರ್ಕ ಕೊಡಲು ಬಂದ ಹುಡುಗರು ಕೇಬಲ್ ಉಳಿಸುವ ಸಲುವಾಗಿ ಬಾಗಿಲ ಪಕ್ಕದ ಮೂಲೆಯಲ್ಲೋ ಟಿವಿ ಕಪಾಟಿನ ಒಳಗೋ ರೂಟರ್ ಇಟ್ಟು ಹೋಗುತ್ತಾರೆ; ಓದುವ ಮಗುವಿನ ಕೋಣೆ ಮನೆಯ ಇನ್ನೊಂದು ತುದಿಯಲ್ಲಿರುತ್ತದೆ. ರೂಟರನ್ನು ಮನೆಯ ನಡುಭಾಗಕ್ಕೆ, ಎದೆಮಟ್ಟದ ಎತ್ತರಕ್ಕೆ, ತೆರೆದ ಜಾಗಕ್ಕೆ ಸರಿಸಿದ ಮಾತ್ರಕ್ಕೆ ವೇಗ ಎದ್ದುಕಾಣುವಷ್ಟು ಸುಧಾರಿಸುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ದೋಷ ಮನೆಯ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯಲು ಖಚಿತವಾದ ದಾರಿ ಒಂದಿದೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ, ಉಳಿದ ಫೋನುಗಳನ್ನೂ ಟಿವಿಯನ್ನೂ ಸಂಪರ್ಕದಿಂದ ತೆಗೆದು, ವೇಗ ಪರೀಕ್ಷೆ ಮಾಡಬೇಕು. ಕೇಬಲ್‌ನಲ್ಲಿ ಹೇಳಿದ ವೇಗ ಬಂದು ವೈ-ಫೈನಲ್ಲಿ ಬಾರದಿದ್ದರೆ ಸರಿಪಡಿಸಬೇಕಾದದ್ದು ಮನೆಯೊಳಗೆ. ಹಳೆಯ ಅಗ್ಗದ ರೂಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗಿಂತ ಹೆಚ್ಚು ಸಾಗಿಸಲಾರದು ಎಂಬುದನ್ನೂ ನೆನಪಿಡಬೇಕು. 200 ಅಥವಾ 300ರ ಪ್ಲಾನ್‌ಗೆ ಹಣ ಕಟ್ಟಿ, ಅಂಥ ಪೆಟ್ಟಿಗೆಯನ್ನೇ ಬಳಸುತ್ತಿರುವ ಮನೆಗಳು ಇವೆ. ಇಂಥ ಕಡೆ ಹೆಚ್ಚಿನ ವೇಗದ ಪ್ಲಾನ್ ಮಾರುವವನೇ ರೂಟರ್ ಬದಲಿಸಬೇಕಾಗುತ್ತದೆ ಎಂದು ಹೇಳಬೇಕಾದದ್ದು ಕರ್ತವ್ಯ ಎಂದು ನಾನು ಭಾವಿಸುತ್ತೇನೆ.

ಕೇಬಲ್ ಜೋಡಿಸಿದಾಗಲೂ ಬೆಳಿಗ್ಗೆ ಚೆನ್ನಾಗಿ ಬಂದು, ಸಂಜೆ ಏಳರಿಂದ ರಾತ್ರಿ ಹನ್ನೊಂದರ ನಡುವೆ ಕುಸಿಯುವ ವೇಗದ ಕಥೆ ಬೇರೆ. ಫೈಬರ್ ಎಂದರೆ ಎಕ್ಸ್‌ಚೇಂಜ್‌ನಿಂದ ನಮ್ಮ ಮನೆಗೇ ಮೀಸಲಾದ ಎಳೆ ಎಂದು ಬಹಳ ಜನ ತಿಳಿದಿದ್ದಾರೆ. ಮನೆಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆ ಸೆಕೆಂಡಿಗೆ ಕೆಳಮುಖವಾಗಿ, ಅಂದರೆ ಮನೆಗಳ ಕಡೆಗೆ, ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಸುಮಾರು 1.25 ಗಿಗಾಬಿಟ್ ಸಾಗಿಸುತ್ತದೆ. ಆ ಎಳೆಯನ್ನು ಬೀದಿಯಲ್ಲಿನ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಒಂದು ಟಿ.ಸಿ.ಗೆ, ಅಂದರೆ ವಿದ್ಯುತ್ ಪರಿವರ್ತಕಕ್ಕೆ, ಸೇರಿಸಿದ ಪಂಪ್‌ಸೆಟ್‌ಗಳೆಲ್ಲ ತ್ರೀಫೇಸ್ ಬಂದ ಕೂಡಲೇ ಒಟ್ಟಿಗೆ ಚಾಲೂ ಆದರೆ ವೋಲ್ಟೇಜ್ ಇಳಿಯುವುದನ್ನು ನಮ್ಮ ರೈತರು ದಿನವೂ ಕಾಣುತ್ತಾರಲ್ಲ, ಇದೂ ಹಾಗೆಯೇ. ಹಂಚಿಕೊಳ್ಳುವುದು ತಪ್ಪಲ್ಲ, ಹಂಚಿಕೊಳ್ಳದೆ ತಿಂಗಳಿಗೆ ಐದಾರು ನೂರು ರೂಪಾಯಿಗೆ ಯಾರೂ ಇಂಥ ಸಂಪರ್ಕ ಕೊಡಲಾರರು. ಪ್ರಶ್ನೆ ಇರುವುದು ಎಷ್ಟು ಜನರಿಗೆ ಹಂಚಬಹುದು ಎಂಬುದರಲ್ಲಿ.

ಇದಕ್ಕೆ ಲೆಕ್ಕವೊಂದು ಇತ್ತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆ ಬಳಕೆಯ ಬ್ರಾಡ್‌ಬ್ಯಾಂಡ್‌ಗೆ ಒಂದಕ್ಕೆ ಐವತ್ತು, ವ್ಯಾಪಾರ ಬಳಕೆಗೆ ಒಂದಕ್ಕೆ ಮೂವತ್ತು ಎಂಬ ಹಂಚಿಕೆಯ ಪ್ರಮಾಣವನ್ನು ಸೂಚಿಸಿತ್ತು. ಒಂದಕ್ಕೆ ಐವತ್ತು ಎಂದರೆ, 100 ಎಂಬಿಪಿಎಸ್ ಪ್ಲಾನ್‌ನ ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ಬಳಸಲು ಹೊರಟರೆ ತಲಾ 2 ಎಂಬಿಪಿಎಸ್ ಸಿಗುತ್ತದೆ ಎಂದರ್ಥ. ಹಾಗೆ ಎಲ್ಲರೂ ಒಟ್ಟಿಗೆ ಪೂರ್ತಿ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ವ್ಯವಹಾರ ನಿಂತಿದೆ. ಆದರೆ ಅದು ರೂಪುಗೊಂಡದ್ದು ಮನೆಗೊಂದು ಕಂಪ್ಯೂಟರ್ ಇದ್ದು, ದಿನಕ್ಕೊಮ್ಮೆ ಮಿಂಚಂಚೆ ನೋಡುತ್ತಿದ್ದ ಕಾಲದಲ್ಲಿ. ಈಗ ಸಂಜೆಯಾದರೆ ಪ್ರತಿ ಮನೆಯಲ್ಲೂ ಟಿವಿಯೇ ಇಂಟರ್‌ನೆಟ್ ಮೇಲೆ ಓಡುತ್ತದೆ. ಐಪಿಎಲ್ ಪಂದ್ಯದ ದಿನ ಕೇಳುವುದೇ ಬೇಡ. ಕಂಪನಿಯ ಮಾರ್ಗಗಳು ದಟ್ಟಣೆಯ ವೇಳೆಯಲ್ಲೂ ಶೇ 80ಕ್ಕಿಂತ ಹೆಚ್ಚು ತುಂಬಿರಬಾರದು, ಗ್ರಾಹಕನಿಗೆ ಹೇಳಿದ ವೇಗದ ಶೇ 80ಕ್ಕಿಂತ ಹೆಚ್ಚು ಸಿಗಬೇಕು ಎಂದು 2006ರ ಗುಣಮಟ್ಟ ನಿಯಮಾವಳಿಯೇ ಹೇಳಿತ್ತು. ಅದರ ಜಾಗದಲ್ಲಿ ಬಂದ ಹೊಸ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಯಮಕ್ಕೆ ಕೊರತೆಯಿಲ್ಲ, ಬೀದಿಯ ಮಟ್ಟದಲ್ಲಿ, ಸಂಜೆಯ ಹೊತ್ತಿನಲ್ಲಿ, ಅಳೆದು ನೋಡುವವರಿಗೆ ಕೊರತೆ ಇದೆ.

ಕಂಪನಿಯವರು ಹೇಳುವ ವೇಗ ಪರೀಕ್ಷೆಯ ಬಗ್ಗೆಯೂ ಒಂದು ಎಚ್ಚರಿಕೆ. ಪರೀಕ್ಷೆಯ ಸರ್ವರ್ ಆ ಕಂಪನಿಯ ಜಾಲದೊಳಗೇ ಇದ್ದರೆ, ಮನೆಯಿಂದ ಅವರ ಕೇಂದ್ರದವರೆಗಿನ ದಾರಿಯನ್ನಷ್ಟೇ ಅಳೆದಂತಾಗುತ್ತದೆ. ಅಲ್ಲಿಂದಾಚೆಗೆ ಹೊರಜಗತ್ತಿಗೆ ಹೋಗುವ ಮಾರ್ಗ ಕಿಕ್ಕಿರಿದಿದ್ದರೂ ಫಲಿತಾಂಶದಲ್ಲಿ 100 ಎಂದೇ ಕಾಣುತ್ತದೆ. ಸಣ್ಣ ಊರುಗಳಲ್ಲಿ ಕೇಬಲ್ ಟಿವಿಯವರೇ ಬ್ರಾಡ್‌ಬ್ಯಾಂಡ್ ಕೊಡುವ ಕಡೆ ಇದು ಹೆಚ್ಚು, ಏಕೆಂದರೆ ಅವರು ಮೇಲಿನ ಕಂಪನಿಯಿಂದ ಕೊಂಡ ಬ್ಯಾಂಡ್‌ವಿಡ್ತ್‌ನಲ್ಲೇ ಊರನ್ನೆಲ್ಲ ಸಾಗಿಸಬೇಕು. ಆದ್ದರಿಂದ ಪರೀಕ್ಷೆ ಮಾಡುವಾಗ ಬೇರೆ ಊರಿನ, ಬೇರೆ ಕಂಪನಿಯ ಸರ್ವರನ್ನೂ ಆರಿಸಿ ನೋಡಬೇಕು. ಬೆಳಿಗ್ಗೆ ಮತ್ತು ಸಂಜೆಯ ಫಲಿತಾಂಶಗಳ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ದೂರಿಗೆ ಅದೇ ಆಧಾರ.

ಈಗ ಮಿತಿಯ ವಿಷಯಕ್ಕೆ ಬರುತ್ತೇನೆ. ‘ನ್ಯಾಯಯುತ ಬಳಕೆ ನೀತಿ’ ಎಂಬ ಹೆಸರಿನಲ್ಲಿ, ಜನರ ಬಾಯಲ್ಲಿ ಎಫ್‌ಯುಪಿ ಎಂದು ಚಾಲ್ತಿಯಲ್ಲಿರುವ ಈ ಕಟ್ಟಳೆಯಂತೆ, ತಿಂಗಳಿಗೆ ನಿಗದಿಪಡಿಸಿದ ಜಿಬಿ ಮುಗಿದ ಮೇಲೆ ಸಂಪರ್ಕ ನಿಲ್ಲುವುದಿಲ್ಲ, ಹೆಚ್ಚುವರಿ ಹಣವನ್ನೂ ಕೇಳುವುದಿಲ್ಲ, ವೇಗ ಮಾತ್ರ ತೀರಾ ತಗ್ಗುತ್ತದೆ. ದೊಡ್ಡ ಕಂಪನಿಗಳ ಹಲವು ಪ್ಲಾನ್‌ಗಳಲ್ಲಿ ಈ ಮಿತಿ 3300 ಜಿಬಿ. ಸಾಮಾನ್ಯ ಕುಟುಂಬಕ್ಕೆ ಅದು ಧಾರಾಳ ಎಂಬುದನ್ನು ಒಪ್ಪಬೇಕು: ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ 3 ಜಿಬಿ ತಿನ್ನುತ್ತದೆ ಎಂದಿಟ್ಟುಕೊಂಡರೂ ಅದರಲ್ಲಿ 1100 ಗಂಟೆ ನೋಡಬಹುದು, ತಿಂಗಳಲ್ಲಿ ಇರುವುದೇ 720 ಗಂಟೆ. ಆದರೂ 100 ಎಂಬಿಪಿಎಸ್ ವೇಗವನ್ನು ಬಿಡುವಿಲ್ಲದೆ ಬಳಸಿದರೆ ದಿನಕ್ಕೆ 1080 ಜಿಬಿ ಆಗುತ್ತದೆ, ಮೂರು ದಿನ ಕಳೆಯುತ್ತಿದ್ದಂತೆ ಮಿತಿ ಮುಗಿಯುತ್ತದೆ. ಹಾಗೆ ಯಾವ ಮನೆಯೂ ಬಳಸುವುದಿಲ್ಲ, ನಿಜ. ಆದರೆ ಹಗಲಿರುಳು ಮಿತಿಯಿಲ್ಲದೆ 100 ಎಂದು ಮಾರಿದ ವಸ್ತು ಲೆಕ್ಕದಲ್ಲಿ ಮೂರು ದಿನದ್ದು ಎಂಬುದನ್ನು ಕೊಳ್ಳುವವನಿಗೆ ತಿಳಿಸಬೇಡವೇ?

ನಿಜವಾದ ತೊಂದರೆ ಇರುವುದು ಕಡಿಮೆ ಬೆಲೆಯ ಪ್ಲಾನ್‌ಗಳಲ್ಲಿ, ಕೆಲವು ನೂರು ಜಿಬಿಯ ಮಿತಿಗಳಲ್ಲಿ. ಬಡವರ ಮನೆ, ಬಾಡಿಗೆ ಕೋಣೆಯ ವಿದ್ಯಾರ್ಥಿಗಳು, ಸಣ್ಣ ಅಂಗಡಿಯವರು ಕೊಳ್ಳುವುದು ಇವನ್ನೇ. ಬಹಳ ಮಂದಿಗೆ ಗೊತ್ತಿರದ ಒಂದು ಸಂಗತಿ ಹೇಳುತ್ತೇನೆ. ಹಲವು ಪ್ಲಾನ್‌ಗಳಲ್ಲಿ ಇಳಿಸಿಕೊಂಡದ್ದನ್ನೂ ಏರಿಸಿದ್ದನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಮನೆಯ ಮುಂದೆ ಹಾಕಿಸಿಕೊಂಡ ಒಂದು ಸಿಸಿಟಿವಿ ಕ್ಯಾಮೆರಾ ತನ್ನ ಚಿತ್ರವನ್ನು 1 ಎಂಬಿಪಿಎಸ್ ವೇಗದಲ್ಲಿ ದಿನವಿಡೀ ಇಂಟರ್‌ನೆಟ್‌ಗೆ ಕಳುಹಿಸುತ್ತಿದ್ದರೆ ಅದೊಂದೇ ದಿನಕ್ಕೆ 10.8 ಜಿಬಿ, ಮೂವತ್ತು ದಿನಕ್ಕೆ 324 ಜಿಬಿ ಖರ್ಚು ಮಾಡುತ್ತದೆ. ಮಿತಿ 300 ಜಿಬಿ ಇದ್ದರೆ ಮನೆಯವರು ಒಂದು ಸಿನಿಮಾವನ್ನೂ ನೋಡದೆ, ಮಕ್ಕಳು ಒಂದು ಪಾಠವನ್ನೂ ಕೇಳದೆ ಅದು ಮುಗಿದುಹೋಗುತ್ತದೆ. ಫೋನಿನ ಫೋಟೊಗಳು ತಾವಾಗಿಯೇ ಮೇಲೇರುವುದು, ಕಂಪ್ಯೂಟರ್‌ನ ಅಪ್‌ಡೇಟ್‌ಗಳು, ನೂರು ಜಿಬಿಯನ್ನು ಮುಟ್ಟುವ ಆಟಗಳು, ಇವೆಲ್ಲ ಕಣ್ಣಿಗೆ ಬೀಳದ ಖರ್ಚುಗಳು. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್ ಸತ್ತಂತಾಗಿ, ಬಿಲ್ಲಿನ ದಿನಾಂಕ ಕಳೆದ ಕೂಡಲೇ ಜೀವ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಬಹುತೇಕ ಮಿತಿಯದೇ ಕೆಲಸ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. ಮಿತಿಯ ವಿವರಗಳನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಟ್ರಾಯ್ 2012ರಲ್ಲಿಯೇ ನಿರ್ದೇಶನ ನೀಡಿತ್ತು. 2016ರ ಅಕ್ಟೋಬರ್ 31ರ ನಿರ್ದೇಶನ ಅದನ್ನು ಇನ್ನಷ್ಟು ಬಿಗಿ ಮಾಡಿತು: ಮಿತಿ ಎಷ್ಟು, ಮಿತಿಯವರೆಗಿನ ವೇಗ ಎಷ್ಟು, ನಂತರದ ವೇಗ ಎಷ್ಟು ಎಂಬುದನ್ನು ಜಾಲತಾಣದಲ್ಲೂ ಜಾಹೀರಾತುಗಳಲ್ಲೂ ತಿಳಿಸಬೇಕು; ಬಳಕೆ ಮಿತಿಯ ಶೇ 50, ಶೇ 90 ಮತ್ತು ಶೇ 100 ಮುಟ್ಟಿದಾಗಲೆಲ್ಲ ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ಎಚ್ಚರಿಸಬೇಕು; ಮನೆಯ ಸ್ಥಿರ ಬ್ರಾಡ್‌ಬ್ಯಾಂಡ್‌ನಲ್ಲಿ ಮಿತಿಯ ನಂತರವೂ ವೇಗವನ್ನು 512 ಕೆಬಿಪಿಎಸ್‌ಗಿಂತ (ಸಾವಿರ ಕೆಬಿಪಿಎಸ್ ಎಂದರೆ 1 ಎಂಬಿಪಿಎಸ್) ಕೆಳಗೆ ಇಳಿಸಬಾರದು. ಆ ಹೊತ್ತಿಗೆ ಇದು ಸರಿಯಾದ ಲೆಕ್ಕವೇ ಆಗಿತ್ತು, ಏಕೆಂದರೆ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಿದ್ದ ಕನಿಷ್ಠ ವೇಗವೂ ಆಗ 512 ಕೆಬಿಪಿಎಸ್ ಆಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಇದ್ದದ್ದನ್ನು 2013ರಲ್ಲಿ 512ಕ್ಕೆ ಏರಿಸಲಾಗಿತ್ತು. ಆದರೆ 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಆ ಕನಿಷ್ಠ ವೇಗವನ್ನು 2 ಎಂಬಿಪಿಎಸ್‌ಗೆ, ಅಂದರೆ ನಾಲ್ಕು ಪಟ್ಟು ಏರಿಸಿತು. ಹೀಗಿರುವಾಗ ಮಿತಿಯ ನಂತರ 512 ಕೆಬಿಪಿಎಸ್ ಅಥವಾ 1 ಎಂಬಿಪಿಎಸ್ ಕೊಡುವ ಪ್ಲಾನ್, ತಿಂಗಳ ಉಳಿದ ದಿನಗಳಲ್ಲಿ ಸರ್ಕಾರದ ಪ್ರಕಾರವೇ ಬ್ರಾಡ್‌ಬ್ಯಾಂಡ್ ಅಲ್ಲದ ಏನನ್ನೋ ಬ್ರಾಡ್‌ಬ್ಯಾಂಡ್‌ನ ಬೆಲೆಗೆ ಮಾರಿದಂತಾಯಿತು. 2016ರಲ್ಲಿ ಹಾಕಿದ ಆ ಗೆರೆಯನ್ನು ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

512 ಕೆಬಿಪಿಎಸ್ ವೇಗದಲ್ಲಿ 1 ಜಿಬಿ ಇಳಿಯಲು ನಾಲ್ಕು ಗಂಟೆಗೂ ಹೆಚ್ಚು ಸಮಯ ಬೇಕು. ಅದರಲ್ಲಿ ವೈದ್ಯರೊಂದಿಗೆ ಮುಖ ನೋಡಿ ಮಾತನಾಡುವುದಾಗಲಿ, ಸಿಇಟಿ ಕೌನ್ಸೆಲಿಂಗ್‌ನ ಕೊನೆಯ ದಿನ ದಾಖಲೆ ಏರಿಸುವುದಾಗಲಿ, ಮನೆಯಿಂದ ಕಚೇರಿಯ ಸಭೆಗೆ ಸೇರುವುದಾಗಲಿ ಆಗದ ಮಾತು. ಇವು ಕಾಲಹರಣದ ಬಳಕೆಗಳಲ್ಲ. 2020 ಮತ್ತು 2021ರಲ್ಲಿ ಮಲೆನಾಡಿನ, ಕರಾವಳಿಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು ನಾವೆಲ್ಲ ಕಂಡವರು.

ಕಂಪನಿಗಳ ವಾದವನ್ನೂ ನಾನು ಬಲ್ಲೆ. ಕೆಲವೇ ಗ್ರಾಹಕರು ವಿಪರೀತ ಬಳಸಿ ಮಾರ್ಗವನ್ನು ತುಂಬಿಬಿಡುತ್ತಾರೆ, ಅವರನ್ನು ತಡೆಯದಿದ್ದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಸರಿಯೇ. ಆದರೆ ದಟ್ಟಣೆ ಇರುವುದು ಸಂಜೆಯ ನಾಲ್ಕು ಗಂಟೆಗಳಲ್ಲಿ. ತಿಂಗಳ ಮಿತಿ ಲೆಕ್ಕ ಹಾಕುವುದು ಇಪ್ಪತ್ನಾಲ್ಕು ಗಂಟೆಗಳನ್ನೂ. ಬೆಳಗಿನ ಜಾವ ಮೂರು ಗಂಟೆಗೆ, ಮಾರ್ಗ ಪೂರ್ತಿ ಖಾಲಿ ಬಿದ್ದಿರುವಾಗ ಇಳಿಸಿಕೊಂಡ ಜಿಬಿಯಿಂದ ಯಾರಿಗೂ ತೊಂದರೆಯಿಲ್ಲ, ಆದರೂ ಅದು ಮಿತಿಯಲ್ಲಿ ಕಳೆಯುತ್ತದೆ. ಮಿತಿ ಮುಗಿದವನನ್ನು ಅದೇ ಖಾಲಿ ಮಾರ್ಗದಲ್ಲಿ 1 ಎಂಬಿಪಿಎಸ್‌ನಲ್ಲಿ ಕೂರಿಸುವುದರಿಂದ ಯಾರಿಗೂ ಲಾಭವಿಲ್ಲ. ತಾಮ್ರದ ತಂತಿಯ ಕಾಲದಲ್ಲಿ, 256 ಕೆಬಿಪಿಎಸ್‌ನ ಆ ದಿನಗಳಲ್ಲಿ, ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಲೆಕ್ಕವೇ ಇರಲಿಲ್ಲ. ಜನ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗುತ್ತಿದ್ದರು. ಮಳೆ ಬಂದರೆ ಜಾಯಿಂಟ್‌ಗಳಿಗೆ ನೀರಿಳಿದು ಸಾಲು ಸಾಲು ಮನೆಗಳ ಸಂಪರ್ಕ ಸಾಯುತ್ತಿದ್ದ ಕಾಲವದು, ತಂತ್ರಜ್ಞಾನದಲ್ಲಿ ಇಂದಿಗಿಂತ ಎಷ್ಟೋ ಹಿಂದೆ. ಆದರೆ ಖಾಲಿ ಮಾರ್ಗಕ್ಕೆ ಕಾವಲು ಬೇಡ ಎಂಬ ತಿಳಿವಳಿಕೆಯಾದರೂ ಆ ಪ್ಲಾನ್‌ಗಳಲ್ಲಿ ಇತ್ತು. ಅಂಥ ರಾತ್ರಿಯ ವಿನಾಯಿತಿಯನ್ನು ಇಂದಿನ ಕಡಿಮೆ ಬೆಲೆಯ ಪ್ಲಾನ್‌ಗಳಿಗೆ ಮರಳಿ ತಂದರೆ, ವಿದ್ಯಾರ್ಥಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ಬಹಳ ಅನುಕೂಲ, ಕಂಪನಿಗೆ ಹೆಚ್ಚಿನ ಖರ್ಚೂ ಇಲ್ಲ. ಮಿತಿಯ ನಂತರವೂ 4 ಎಂಬಿಪಿಎಸ್ ಕೊಡುವ ಪ್ಲಾನ್‌ಗಳು ನಮ್ಮ ದೇಶದಲ್ಲೇ ಬಂದಿರುವಾಗ, 2ಕ್ಕೆ ಏರಿಸಿದರೆ ಜಾಲ ಕುಸಿಯುತ್ತದೆ ಎಂಬ ಮಾತನ್ನು ನಂಬುವುದು ಕಷ್ಟ.

ಜಾಹೀರಾತಿನ ವಿಷಯದಲ್ಲಿ ಬೇರೆ ದೇಶಗಳು ಮಾಡಿರುವುದನ್ನು ಇಲ್ಲಿ ಗಮನಿಸಬಹುದು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ರಾತ್ರಿ 8ರಿಂದ 10ರ ದಟ್ಟಣೆಯ ವೇಳೆಯಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಜಾಹೀರಾತಿನಲ್ಲಿ ಹೇಳಬೇಕೆಂಬ ನಿಯಮ ಬಂತು. ಅದಕ್ಕೆ ಮೊದಲು ಹತ್ತರಲ್ಲಿ ಒಬ್ಬನಿಗೆ ಸಿಕ್ಕರೂ ಆ ವೇಗವನ್ನು ಹೇಳಿಕೊಳ್ಳಬಹುದಿತ್ತು. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನ್‌ನ ಬೆಲೆ, ಸಾಮಾನ್ಯವಾಗಿ ಸಿಗುವ ವೇಗ, ಡೇಟಾ ಮಿತಿ, ಇತರ ಶುಲ್ಕಗಳನ್ನು ಒಂದೇ ಮಾದರಿಯ ಚೀಟಿಯಲ್ಲಿ ತೋರಿಸಬೇಕು. ತಿಂಡಿ ಪೊಟ್ಟಣದ ಮೇಲಿನ ಪೌಷ್ಟಿಕಾಂಶದ ಪಟ್ಟಿಯನ್ನು ನೋಡಿಯೇ ಅದರ ವಿನ್ಯಾಸ ಮಾಡಲಾಗಿದೆ. ನಮ್ಮಲ್ಲಿ ಕರಪತ್ರದ ಬೆಲೆಗೆ ಶೇ 18ರ ಜಿಎಸ್‌ಟಿ ಸೇರುತ್ತದೆ ಎಂಬುದೂ ಬಹಳ ಸಲ ಮೊದಲ ಬಿಲ್ ಬಂದಾಗಲೇ ತಿಳಿಯುವುದು. ಅಂಥದೊಂದು ಚೀಟಿಯನ್ನು ಕನ್ನಡದಲ್ಲಿ, ಅರ್ಜಿ ನಮೂನೆಯ ಮೊದಲ ಪುಟದಲ್ಲೇ ಅಚ್ಚು ಹಾಕಿಸುವುದು ಕಷ್ಟದ ಕೆಲಸವಲ್ಲ. ಈಗ ಬರುವ ಮಿತಿಯ ಎಚ್ಚರಿಕೆಯ ಸಂದೇಶಗಳೂ, ನಾನು ನೋಡಿದ ಮಟ್ಟಿಗೆ, ಇಂಗ್ಲಿಷ್‌ನಲ್ಲೇ ಇರುತ್ತವೆ. ದಿನಕ್ಕೆ ಹತ್ತಾರು ಜಾಹೀರಾತು ಸಂದೇಶಗಳು ಬೀಳುವ ಫೋನಿನಲ್ಲಿ, ಓದಲು ಬಾರದ ಭಾಷೆಯ ಇನ್ನೊಂದು ಸಂದೇಶವನ್ನು ವಯಸ್ಸಾದವರು ಗಮನಿಸುವುದು ಹೇಗೆ?

ಇನ್ನು ದೂರಿನ ದಾರಿ. ಸಹಾಯವಾಣಿಗೆ ಫೋನ್ ಮಾಡಿದಾಗ ಅವರು ಡಾಕೆಟ್ ಸಂಖ್ಯೆ, ಅಂದರೆ ದೂರಿನ ಗುರುತಿನ ಸಂಖ್ಯೆ, ಕೊಡಲೇಬೇಕು. ಅದಿಲ್ಲದೆ ಫೋನ್ ಇಡಬಾರದು. ಪರಿಹಾರ ತೃಪ್ತಿಕರವಾಗದಿದ್ದರೆ 2012ರ ದೂರು ಪರಿಹಾರ ನಿಯಮಾವಳಿಯಂತೆ ಮೂವತ್ತು ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ಸ್ವತಃ ವಿಚಾರಿಸುವುದಿಲ್ಲ ಎಂಬುದು ತಿಳಿಯದೆ ಅಲ್ಲಿಗೆ ಬರೆದು ಕಾಯುತ್ತ ಕುಳಿತವರಿದ್ದಾರೆ. ಟೆಲಿಕಾಂ ಕಂಪನಿಗಳ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಲಾಗದು ಎಂಬ ಹಳೆಯ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವೂ ಇಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಇಷ್ಟೆಲ್ಲ ದಾರಿಗಳಿದ್ದರೂ ಅವು ಪ್ರಯೋಜನಕ್ಕೆ ಬರಬೇಕಾದರೆ ಕೈಯಲ್ಲೊಂದು ಬಿಲ್ ಬೇಕು. ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಮನೆಗೆ ಬಂದು ನಗದು ಪಡೆದು, ಡೈರಿಯಲ್ಲಿ ಗುರುತು ಹಾಕಿಕೊಂಡು ಹೋಗುವ ಪದ್ಧತಿ ಇಂದಿಗೂ ಇದೆ. ಆ ಸಂಪರ್ಕ ಯಾವ ಪರವಾನಗಿದಾರ ಕಂಪನಿಯದು, ಪ್ಲಾನ್‌ನ ಹೆಸರೇನು, ಮಿತಿ ಎಷ್ಟು ಎಂಬ ಯಾವುದೂ ಗ್ರಾಹಕನಿಗೆ ಗೊತ್ತಿರುವುದಿಲ್ಲ. ಸ್ಥಳೀಯ ಕೇಬಲ್‌ನವರ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಓಣಿಗಳಿಗೆ ಫೈಬರ್ ಎಳೆದವರು ಅವರೇ, ಮರ ಬಿದ್ದು ಎಳೆ ತುಂಡಾದ ರಾತ್ರಿ ಟಾರ್ಚ್ ಹಿಡಿದು ಬಂದು ಜೋಡಿಸುವವರೂ ಅವರೇ. ಆದರೆ ರಸೀದಿ ಕೊಡುವುದರಿಂದ ಅವರ ವ್ಯಾಪಾರಕ್ಕೆ ನಷ್ಟವಿಲ್ಲ. ಪರವಾನಗಿದಾರ ಕಂಪನಿಯ ಹೆಸರು, ಪ್ಲಾನ್, ಮಿತಿ, ಮಿತಿಯ ನಂತರದ ವೇಗ ಇರುವ ಬಿಲ್ಲನ್ನು ಪ್ರತಿ ತಿಂಗಳು ಕೊಡಿಸುವ ಹೊಣೆಯನ್ನು ಪರವಾನಗಿ ಪಡೆದ ಕಂಪನಿಯ ಮೇಲೆಯೇ ಹೊರಿಸಬೇಕು. 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯ ಫೈಬರ್ ಗ್ರಾಮ ಪಂಚಾಯಿತಿಗಳನ್ನು ತಲುಪಿ, ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡುವ ಕೆಲಸವನ್ನು ಸ್ಥಳೀಯ ಉದ್ಯಮಿಗಳಿಗೆ ವಹಿಸಲಾಗುತ್ತಿರುವ ಈ ಹೊತ್ತಿನಲ್ಲಿ, ಬಿಲ್ಲಿನ ಶಿಸ್ತನ್ನು ಆರಂಭದಲ್ಲೇ ತರುವುದು ಒಳ್ಳೆಯದು. ಹಳ್ಳಿಯಲ್ಲಿ ಒಬ್ಬನೇ ಸೇವೆ ಕೊಡುವವನಿದ್ದರೆ, ಇಷ್ಟವಾಗದಿದ್ದರೆ ಬೇರೆಯವರನ್ನು ಹಿಡಿಯಿರಿ ಎಂಬ ಮಾತಿಗೆ ಅರ್ಥವಿಲ್ಲ.

ಟ್ರಾಯ್ ತನ್ನ ಯಾವುದೇ ನಿಯಮ ಬದಲಿಸುವ ಮುನ್ನ ಸಮಾಲೋಚನಾ ಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಮಿತಿಯ ನಂತರದ ಕನಿಷ್ಠ ವೇಗದ ಬಗ್ಗೆ ಅಂಥದೊಂದು ಸಮಾಲೋಚನೆಯನ್ನು ಪ್ರಾಧಿಕಾರ ಕೂಡಲೇ ಆರಂಭಿಸಬೇಕು, ಅದರ ಪ್ರಕಟಣೆ ಕನ್ನಡದಲ್ಲೂ ಬರಬೇಕು, ಬೆಂಗಳೂರಿನಲ್ಲಿರುವ ಪ್ರಾಧಿಕಾರದ ಪ್ರಾದೇಶಿಕ ಕಚೇರಿ ನಡೆಸುವ ಗ್ರಾಹಕ ಜಾಗೃತಿ ಸಭೆಗಳು ಜಿಲ್ಲಾ ಕೇಂದ್ರಗಳಾಚೆಗೆ ತಾಲ್ಲೂಕುಗಳಿಗೂ ಹೋಗಬೇಕು ಎಂದು ಕೋರುತ್ತೇನೆ. ಅಲ್ಲಿಯವರೆಗೆ, ಹೊಸ ಸಂಪರ್ಕ ಪಡೆಯುವ ಓದುಗರು ಮಿತಿ ಎಷ್ಟು, ಮಿತಿಯ ನಂತರದ ವೇಗ ಎಷ್ಟು, ಏರಿಸಿದ ಡೇಟಾವನ್ನೂ ಲೆಕ್ಕ ಹಾಕುತ್ತೀರಾ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಆರು ತಿಂಗಳ, ವರ್ಷದ ಮುಂಗಡ ಹಣವನ್ನು ಕಟ್ಟಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೂರವಾಣಿ ಉದ್ಯೋಗಿ, ಮೈಸೂರು